ಮೂರನೇ ಸಲ

ಮಂಡ್ಯದ ಬೆಲ್ಲದ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ
ಹರಾಜು ಕೂಗಿದವನು ನಾನು, ಕೀಲಾರದ ಮರಿಲಿಂಗ.
ಅಚ್ಚು, ಬಕೆಟ್, ಕುರಿಕಾಲಚ್ಚು,
ರಾಶಿಯ ಬಣ್ಣ ನೋಡುವ ಮೊದಲೇ ನನ್ನ ದನಿ ಕೇಳಿ
ದರ ಗೊತ್ತಾಗುತ್ತಿತ್ತು ಹಿಂದೆ ನಿಂತವರಿಗೆ.

ಒಂದು ಶುಕ್ರವಾರ, ನಾಲ್ಕು ಸಾವಿರದ ಇನ್ನೂರರ ಹತ್ತಿರ,
ಮಾತು ಮುರಿಯಿತು.
‘ಎರಡು ಸಲ’ ಎನ್ನಹೋದರೆ ಎ… ಎ…
ರಾಟೆಗೆ ಹಗ್ಗ ಸಿಕ್ಕಿಕೊಂಡ ಹಾಗೆ.
ನೀರು ಕುಡಿ ಅಂದರು. ಕುಡಿದೆ.

ಗಂಟಲಿನ ಡಾಕ್ಟರು ನಳಿಗೆ ಇಳಿಸಿ ನೋಡಿ
‘ಏನೂ ಇಲ್ಲ, ಹೊಸ ಮಡಕೆಯ ಕಂಠ’ ಎಂದರು.
ಮನೆಯಲ್ಲಿ ಮೆಣಸಿನಕಾಯಿ ನಿವಾಳಿಸಿದರು.
ಕುಡಿತ ಕಲಿತನಾ ಅಂತ ಭಾವಮೈದ ಅಕ್ಕನ ಕೇಳಿದ.
ಆಮೇಲೆ ಸೂಜಿ. ಮೂರು ತಿಂಗಳು ಚೆನ್ನಾಗಿತ್ತು,
ನಾಲ್ಕನೆಯದಕ್ಕೆ, ಬಾಡಿಗೆ ಮುಗಿದ ಮನೆ.

ವಿಚಿತ್ರವೆಂದರೆ
ನಕ್ಕರೆ ನಗು ಇಡಿಯಾಗಿ ಬರುತ್ತದೆ.
ಎಮ್ಮೆಗೆ ಬಯ್ದರೆ ಬೈಗುಳ ಇಡಿಯಾಗಿ ಬರುತ್ತದೆ.
ಪಿಸುಗುಟ್ಟಿದರೆ ಒಂದಕ್ಷರವೂ ಉದುರುವುದಿಲ್ಲ.
ಮನುಷ್ಯರ ಮುಂದೆ ಮಾತ್ರ, ದರದ ಮುಂದೆ ಮಾತ್ರ
ಒಳಗಿನಿಂದ ಯಾರೋ ಅಗುಳಿ ಹಾಕುತ್ತಾರೆ.

ಈಗ ವಾರಕ್ಕೆ ಐದು ದಿನ ಬೆಳಗಿನ ಪ್ಯಾಸೆಂಜರ್ ಹಿಡಿದು ಮೈಸೂರು.
ಎರಡು ಕೋಡುಬಳೆ ಅಂಟಿಸಿದಂಥ ಒಂದು ಸುರುಳಿ;
ಅದನ್ನು ನೆತ್ತಿಯ ಎಡಕ್ಕೆ ಒತ್ತಿ ಹಿಡಿಯುವವಳು ತಸ್ಮಿಯಾ,
ಮಂಡಿ ಮೊಹಲ್ಲಾದವಳಂತೆ.
‘ನಾನೂ ಮಂಡಿಯವನೇ’ ಎಂದೆ ಪಿಸುಮಾತಲ್ಲಿ. ನಕ್ಕಳು.
ಟಕ್. ಟಕ್. ಟಕ್.
ಅಯಸ್ಕಾಂತವಂತೆ, ಮೂಳೆ ದಾಟಿ ಒಳಗೆ ಹೋಗುತ್ತದಂತೆ,
ಗೋಡೆಯಾಚೆಯ ಒಗ್ಗರಣೆ ಈಚೆ ಬಂದ ಹಾಗೆ.

ಮೊದಲ ದಿನ ಜಾಗ ಹುಡುಕುವಾಗ
ನನ್ನ ಬಲಗೈ ಹೆಬ್ಬೆರಳು ತಾನೇ ಕುಣಿಯಿತು.
ನಾನು ಕುಣಿಸಲಿಲ್ಲ.
ನೋಡುತ್ತ ಕೂತಾಗ ಅಪ್ಪ ನೆನಪಾದ:
ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ತೂರಿ
ಬೆರಳು ಮಡಚಿ, ಬೆರಳು ಹಿಡಿದು
ಬಾಯಿ ಬಿಡದೆ ಜೋಡೆತ್ತು ಮಾರಿ ಬರುತ್ತಿದ್ದವನು.
ಹಾಗಾದರೆ ಇದೂ ವ್ಯಾಪಾರವೇ.
ಬುರುಡೆಯ ಕೆಳಗೆ ಕೈ ತೂರಿ ಈ ಹುಡುಗಿ
ನನ್ನ ದನಿಗೆ ದರ ಕಟ್ಟುತ್ತಿದ್ದಾಳೆ.
ಆ ಕಡೆಯಿಂದ ಬೆರಳು ಕೊಟ್ಟವರು ಯಾರೋ,
ನನಗೆ ಕಾಣದು.

ಇವತ್ತು ಹದಿಮೂರನೆಯ ದಿನ.
ಗ್ಯಾರಂಟಿ ಇಲ್ಲ, ನಾವೂ ಕಲಿಯುತ್ತಿದ್ದೇವೆ
ಎಂದು ಡಾಕ್ಟರು ಮೊದಲೇ ಹೇಳಿದ್ದರು.
ಒಂದು ದಿನ ಸಡಿಲ, ಒಂದು ದಿನ ಮೊದಲಿಗಿಂತ ಬಿಗಿ.
ನಿನ್ನೆ ಸ್ಟೇಷನ್ನಿನಲ್ಲಿ ಟೀ ಹುಡುಗನಿಗೆ ‘ಸಕ್ಕರೆ ಬೇಡ’ ಎಂದೆ,
ಒಂದೇ ಉಸಿರಲ್ಲಿ, ನಡುವೆ ಬಿರುಕಿಲ್ಲದೆ.
ಅವನು ತಲೆ ಎತ್ತಿಯೂ ನೋಡಲಿಲ್ಲ.
ಎರಡು ವರ್ಷದಲ್ಲಿ ಅಂಥ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಎಲಿಯೂರು ದಾಟುವಾಗ ಬಾಗಿಲಲ್ಲಿ ನಿಂತು
ಆಲೆಮನೆಯ ಹೊಗೆಗೆ ಕೂಗಿ ನೋಡಿದೆ:
ಒಂದು ಸಲ.
ಎರ… ಡು ಸಲ.
ಮೂರನೆಯದನ್ನು ಕೂಗಲಿಲ್ಲ.
ಮೂರು ಅಂದಮೇಲೆ
ಸರಕು ಕೈಬಿಟ್ಟ ಹಾಗೆ.