ಮಿಸ್ಕಿಟಾ ಬಿಟ್ಟ ಕರೆಂಟು

ಪರೇಲಿನ ಆಸ್ಪತ್ರೆ, ನೆಲಮಾಳಿಗೆ. ಇವತ್ತು
ಹಳೇ ಎಂಆರ್‌ಐ ಇಳಿಸಬೇಕು. ಇಳಿಸುವುದೆಂದರೆ
ಮೊದಲು ಅದರೊಳಗಿನ ಕರೆಂಟು ಇಳಿಸುವುದು.
ಘಾಡಿಗಾಂವ್ಕರ್ ಕೇಳುತ್ತಾನೆ: ಪ್ಲಗ್ ಕಿತ್ತರಾಯಿತಲ್ಲ ಮೇಡಂ?
ಆಗಲ್ಲಪ್ಪ. ಅದು ಪ್ಲಗ್ಗಿನ ಋಣದಲ್ಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಇದೇ ಕೋಣೆ, ಗೋಡೆಯ ಬಣ್ಣ ಇನ್ನೂ ಹಸಿ,
ಗಾಡ್‌ಫ್ರೀ ಮಿಸ್ಕಿಟಾ, ನನಗೆ ಕೆಲಸ ಕಲಿಸಿದವರು,
ಬಾಯಲ್ಲಿ ಲವಂಗ, ಕೈಯಲ್ಲಿ ಕಂಚಿನ ಸ್ಪ್ಯಾನರ್,
ಸುರುಳಿಗೆ ಐನೂರು ಆಂಪಿಯರ್ ಉಣಿಸಿದರು,
ಜ್ವರ ಬಿಟ್ಟ ಮಗುವಿಗೆ ಗಂಜಿ ಕುಡಿಸುವ ಹಾಗೆ, ತುಸುತುಸುವೇ.
ಗೇಣುದ್ದ ತಂತಿಯನ್ನು ಬೆಚ್ಚಗಿಟ್ಟು ಬಾಗಿಲು ಮಾಡಿದ್ದರು;
ಕಾವು ತೆಗೆದರು. ಆ ಗೇಣೂ ತಣ್ಣಗಾಯಿತು.
ಬಾಗಿಲಿದ್ದಲ್ಲಿ ಈಗ ಬರೀ ದಾರಿ,
ತನ್ನ ಬಾಲ ತಾನೇ ಕಚ್ಚಿಕೊಂಡ ದಾರಿ.
ತಾಮ್ರದ ಕೇಬಲ್ಲು ಕಳಚಿ ಹೆಗಲಿಗೆ ಹಾಕಿಕೊಂಡು ಅಂದರು:
ಇನ್ನು ಇದಕ್ಕೆ ಬೆಸ್ಟ್‌ನವರೂ ಬೇಡ, ನಾನೂ ಬೇಡ.

ನಂಬಿಕೆ ಬರಲಿಲ್ಲ. ನಾನು ದಾದರಿನ ಸೇತುವೆಯವಳು,
ಭುಜಕ್ಕೆ ಭುಜ, ಪರರ ಟಿಫಿನ್ನಿಗೆ ಮೊಣಕೈ ತಾಗಿ
ಬೆವರಾಗಿ, ಖರ್ಚಾಗಿ, ಆಚೆ ದಡ ಸೇರುವವಳು.
ತಂತಿಯೊಳಗೆ ಎಲೆಕ್ಟ್ರಾನಿಗೂ ಅದೇ ಪಾಡು;
ಇಸ್ತ್ರಿಪೆಟ್ಟಿಗೆ ಕಾಯುವುದು ಆ ತಳ್ಳಾಟಕ್ಕೇ.
ಸೊನ್ನೆಯಿಂದ ಇನ್ನೂರ ಅರವತ್ತೊಂಬತ್ತು ಮೆಟ್ಟಿಲು ಇಳಿದು
ದ್ರವ ಹೀಲಿಯಮ್ಮಿನಲ್ಲಿ ಮುಳುಗಿ ಕೂತಾಗ ಮಾತ್ರ
ಅವು ಜೋಡಿಯಾಗುತ್ತವೆ. ಕೈಕೈ ಹಿಡಿದಲ್ಲ, ತೀರ ದೂರದಿಂದ,
ನಡುವೆ ಸಾವಿರ ಮಂದಿ ಓಡಾಡುತ್ತಿದ್ದರೂ.
ಮತ್ತೆ ಎಲ್ಲ ಜೋಡಿಗೂ ಒಂದೇ ಹೆಜ್ಜೆ.
ಒಬ್ಬನನ್ನು ತಡೆಯಲು ಎಲ್ಲರನ್ನೂ ತಡೆಯಬೇಕು,
ಅಷ್ಟು ಕಾವು ಅಲ್ಲಿ ಯಾರ ಬಳಿಯೂ ಇಲ್ಲ.

ಹೀಗೆ ಸುತ್ತಿತು.
ಊರೇ ಕತ್ತಲಾದ ಆ ಸೋಮವಾರ
ಲೋಕಲ್ಲುಗಳು ಹಳಿಯ ಮೇಲೇ ನಿಂತವು,
ತಂಪಿನ ಪಂಪಿನ ಚಿಂವ್ ಚಿಂವ್ ನಿಂತಿತು; ಇದು ಸುತ್ತಿತು.
ಮಿಸ್ಕಿಟಾರನ್ನೇ ಈ ಬಿಲದೊಳಗೆ ಮಲಗಿಸಿದೆ ಒಂದು ದಿನ,
ಅವರ ಉಂಗುರ ನನ್ನ ಪರ್ಸಿನಲ್ಲಿ, ಹೊರಗೆ.
ಅವರೇ ಎಬ್ಬಿಸಿದ ಅಯಸ್ಕಾಂತ ಅವರ ಮೈಯ ನೀರನ್ನೆಲ್ಲ
ಸಾಲಾಗಿ ನಿಲ್ಲಿಸಿ ಹೆಸರು ಕೂಗಿತು.
ತೆರೆಯ ಮೇಲೆ ಹಾಜರಿ ಬಂತು:
ಎಡಕಿವಿಯ ಹಿಂದೆ, ಗೋಲಿಯಷ್ಟು, ಬೆಳ್ಳಗೆ.
ತುಂಬ ಹೊತ್ತು ನೋಡಿದರು. ಚಿತ್ರ ಚೆನ್ನಾಗಿ ಬಂದಿದೆ, ಅಂದರು,
ನಾನು ಅಲ್ಲಾಡಲಿಲ್ಲ ನೋಡು.
ಬಾಂದ್ರಾದ ಮಣ್ಣಿಗೆ ಅವರು ಹೋದ ಮಧ್ಯಾಹ್ನವೂ
ಇಲ್ಲಿ ಹನ್ನೊಂದು ಮಂಡಿ, ಮೂರು ಬೆನ್ನು, ಒಂದು ತಲೆ.

ಈಗ ನಾನು. ಅದೇ ಕೇಬಲ್ಲು, ಅದೇ ಸ್ಪ್ಯಾನರ್.
ಅಳೆದೆ: ಐನೂರಕ್ಕೆ ಒಂದೆರಡು ಕೂದಲೆಳೆ ಕಡಿಮೆ,
ಎಲ್ಲೋ ಬೆಸುಗೆಯಲ್ಲಿ ಸೋರಿದ್ದು.
ಚಹಾ ತರಲಾ ಎಂದ ಘಾಡಿಗಾಂವ್ಕರ್. ತಾ ಅಂದೆ.
ಕೆಲಸದ ನಡುವೆ ಕುಡಿಯದವಳು ಎರಡು ಲೋಟ ಕುಡಿದೆ.

ಆಮೇಲೆ ಆ ಗೇಣನ್ನು ಕಾಯಿಸಿದೆ.
ನಾನೂರು. ಮುನ್ನೂರ ಹತ್ತು. ತೊಂಬತ್ತು.
ಎಲ್ಲಿಗೆ ಹೋಗ್ತಿದೆ ಮೇಡಂ?
ಆ ಡಬ್ಬದ ಬೆನ್ನು ಮುಟ್ಟು, ಅಂದೆ. ಮುಟ್ಟಿದ.
ಬಿಸಿ ಇದೆ, ಅಂದ, ಕೈ ತೆಗೆಯಲಿಲ್ಲ.

ಹದಿನಾಲ್ಕು ವರ್ಷ ಹೊಸ್ತಿಲಾಚೆಯೇ ಇದ್ದ
ತನ್ನ ಕಬ್ಬಿಣದ ಸ್ಟೂಲನ್ನು, ನನ್ನ ಮುಖ ನೋಡಿ,
ಒಳಗೆ ತಂದ.
ಅದು ಇಟ್ಟಲ್ಲೇ ನಿಂತಿತು.