ಕೆ ಹದಿನೇಳು

ಮಸಿಯಲ್ಲಿ ಬರೆಯಬೇಡಿ ಪೋಕರೇ, ಅಂದಿದ್ದರು ಮೊದಲ ದಿನವೇ.
ಸ್ಪಿರಿಟ್ ತಾಗಿದರೆ ಮಸಿ ಓಡಿಹೋಗುತ್ತದೆ,
ನಿಲ್ಲುವುದು ಪೆನ್ಸಿಲ್ ಮಾತ್ರ.
ಹಾಗಾಗಿ ಮೂವತ್ತೊಂದು ವರ್ಷ ನಾನು ಪೆನ್ಸಿಲಿನ ಮನುಷ್ಯ.
ಗೋಣಿಕೊಪ್ಪಲಿನ ಅಂಗಡಿಯವನು ಕೇಳುತ್ತಿದ್ದ,
ಶಾಲೆಗೆ ಹೋಗುವ ಮಕ್ಕಳು ಎಷ್ಟು ನಿಮಗೆ?

ದೇಚಮ್ಮ ಮೇಡಂ ಕಾಡಿಗೆ ಹೋಗುವುದನ್ನು ನೋಡಬೇಕಿತ್ತು.
ಗಂಬೂಟು, ಮೊಣಕಾಲುದ್ದ ಕಾಲುಚೀಲ, ಕೈಯಲ್ಲಿ ಬಿಳಿ ಫ್ಲಾನೆಲ್ ಬಟ್ಟೆ.
ಅದನ್ನು ತರಗೆಲೆಯ ಮೇಲೆ ಎಳೆದುಕೊಂಡು ತಿತಿಮತಿಯ ಆಚೆ,
ನೀರಿಲ್ಲದ ಕಡೆ ಬಲೆ ಎಳೆದ ಹಾಗೆ.
ಹತ್ತು ಹೆಜ್ಜೆಗೊಮ್ಮೆ ನಿಂತು, ಬಟ್ಟೆ ಮಗುಚಿ,
ಎಳ್ಳಿಗಿಂತ ಸಣ್ಣ ಉಣ್ಣಿಗಳನ್ನು ಚಿಮಟದಲ್ಲಿ ಹೆಕ್ಕುವರು.
ಗಾರ್ಡ್ ಉತ್ತಯ್ಯ ಹೇಳಿದ:
ಕೋವಿ ಹಿಡಿದು ಬಂದಿದ್ದರೆ ಅರ್ಥವಾಗುತ್ತಿತ್ತು.

ಆ ವರ್ಷ ಹಾಡಿಯಲ್ಲಿ ಹೆಸರಿಲ್ಲದ ಜ್ವರ.
ಒಂಬತ್ತು ಜನ ಮಲಗಿದರು, ನಾಲ್ವರು ಏಳಲಿಲ್ಲ.
ಎದ್ದವರಲ್ಲಿ ಒಬ್ಬಳು ಜಾಜಿ,
ಜೇನು ಇಳಿಸುವವನ ಹೆಂಡತಿ, ನರ ಸಿಗದ ತೋಳು.
ಮೂರು ಸಲ ಚುಚ್ಚಿದ ಮೇಲೆ
ಅವಳೇ ಮೇಡಂಗೆ ಧೈರ್ಯ ಹೇಳಿದಳು.
ನಾನು ಬರೆದೆ: ಕೆ ೧೭.

ರಕ್ತವನ್ನು ಹೇಗೆ ಓದುತ್ತಾರೆ, ನನಗೆ ತಿಳಿದಷ್ಟು ಹೇಳುತ್ತೇನೆ.
ತಟ್ಟೆಯ ತಳದಲ್ಲಿ ಜೀವಕೋಶ ಹಾಸಿರುತ್ತದೆ, ಕಣ್ಣಿಗೆ ಕಾಣದ ಚಾಪೆ.
ವೈರಸ್ ಬಿಟ್ಟು, ಐದು ದಿನ ಕಾದು, ನೇರಳೆ ಬಣ್ಣ ಹೊಯ್ದರೆ
ಅದು ತಿಂದಲ್ಲೆಲ್ಲ ತೂತು, ಬೆಳಕು ಬರುವ ತೂತು.
ರಕ್ತದ ತಿಳಿಗೆ ಜ್ವರದ ನೆನಪಿದ್ದರೆ
ತೂತಿಲ್ಲ, ತಟ್ಟೆ ಇಡೀ ನೇರಳೆ.
ನೆನಪೆಷ್ಟು ಗಟ್ಟಿ ಎಂದು ನೋಡಲು ತೆಳು ಮಾಡುತ್ತಾ ಹೋಗುವುದು,
ಹತ್ತು ಪಾಲು, ಇಪ್ಪತ್ತು, ನಲವತ್ತು, ಎಂಬತ್ತು.
ಉಳಿದವರದು ನೂರರವತ್ತಕ್ಕೆ ಸೋತಿತು.
ಜಾಜಿಯದು ಆರುನೂರ ನಲವತ್ತರಲ್ಲೂ ನೇರಳೆ.
ಅಂದಿನಿಂದ ಕ್ಯಾಂಟೀನಿನ ಕಾಫಿಗೆ ಮೇಡಂ ಇಟ್ಟ ಹೆಸರು
'ಆರುನೂರ ನಲವತ್ತು'.
ಹೇಳುವಾಗ ನಗಲಿಲ್ಲ. ಅವರ ನಗೆಯೇ ಹಾಗೆ.

ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ,
ಕಾಫಿ ಹೂ ಬಿಡುವ ಹೊತ್ತಿಗೆ ಜೀಪು ಹಾಡಿಗೆ.
ಹನ್ನೆರಡು ವರ್ಷ.
ಜ್ವರದ ದಿನಗಳು ಜಾಜಿಗೆ ಮರೆತುಹೋಗಿದ್ದವು,
ಸತ್ತ ಗಂಡನ ಮುಖವೂ ಸರಿಯಾಗಿ ಬರುತ್ತಿಲ್ಲ ಎಂದಳು ಒಮ್ಮೆ.
ರಕ್ತ ಮರೆತಿರಲಿಲ್ಲ.
ಏನು ಹೇಳ್ತದೆ ನನ್ನ ರಕ್ತ? ಪ್ರತಿ ಸಲ ಅದೇ ಪ್ರಶ್ನೆ.
ಚೆನ್ನಾಗಿದೆಯಮ್ಮ, ಅನ್ನುವರು ಮೇಡಂ.
ಜೀಪು ಹತ್ತಿದ ಮೇಲೆ ಕಿಟಕಿ ಕಡೆ ತಿರುಗಿ:
ಚೆನ್ನಾಗಿದೆ ಅಂದರೆ ಏನರ್ಥ, ಪೋಕರೇ?

ಪ್ರಬಂಧ ಬಂತು, ನಾಲ್ಕು ಪುಟ.
ಒಬ್ಬಳ ಮೇಲೆ ಸಿದ್ಧಾಂತ ಕಟ್ಟಲಾಗದು ಅಂದರು ದೆಹಲಿಯವರು.
ಹಣ ನಿಂತಿತು. ಉಣ್ಣಿ ನಿಲ್ಲಲಿಲ್ಲ.

ಒಂದು ಮಳೆಗಾಲ ಗುಡ್ಡ ಜರಿದು ಆರು ದಿನ ಕರೆಂಟಿಲ್ಲ.
ಸೊನ್ನೆಗಿಂತ ಎಂಬತ್ತು ಕೆಳಗಿದ್ದ ಫ್ರೀಜರಿನ ಮುಳ್ಳು
ಮೇಲೇರುವುದನ್ನು ಟಾರ್ಚು ಹಿಡಿದು ನೋಡುತ್ತಾ ಕೂತಿದ್ದೆವು.
ಕೊನೆಗೆ ಸಿಕ್ಕಿದ್ದು ದನದಾಸ್ಪತ್ರೆಯ ಬಿದ್ದಪ್ಪ ಡಾಕ್ಟರ ಕ್ಯಾನು,
ಹೋರಿಯ ವೀರ್ಯ ತಣ್ಣಗಿಡುವ ಕ್ಯಾನು.
ಅದರೊಳಗೆ, ಜರ್ಸಿ ಹೋರಿಗಳ ನಡುವೆ,
ಇಡೀ ಹಾಡಿ ಇಳಿಯಿತು.
ಎಲ್ಲ ಹಿಡಿಸಲಿಲ್ಲ.
ಯಾವುದನ್ನು ಬಿಡುವುದು? ಮೇಡಂ ಪಟ್ಟಿ ನೋಡಲಿಲ್ಲ,
ತಮ್ಮ ಉಣ್ಣಿಗಳನ್ನೇ ಬಿಟ್ಟರು, ಹದಿನೆಂಟು ವರ್ಷದ್ದು.

ಜಾಜಿ ಹೋದದ್ದು ನಮಗೆ ತಿಳಿದದ್ದು ತಡವಾಗಿ.
ಆನೆಯಲ್ಲ, ಜ್ವರವಲ್ಲ, ಬರೇ ವಯಸ್ಸು.
ಮೇಡಂ ಈಗ ಪೊನ್ನಂಪೇಟೆಯಲ್ಲಿ,
ಮೆಣಸು ಒಣಗಿಸುವಾಗ ಕಾಳು ಎಣಿಸುತ್ತಾರಂತೆ.
ಹೊಸ ಹುಡುಗ ಬಂದಿದ್ದಾನೆ, ಬಾರ್‌ಕೋಡ್ ಅಂಟಿಸುತ್ತಾನೆ.
ನನಗಿನ್ನು ಎರಡು ವಾರ ಸರ್ವೀಸು.

ನಿನ್ನೆ ಕೈಗವಸು ಹಾಕಿ ಹದಿನೇಳನೆಯ ನಳಿಕೆ ತೆಗೆದೆ,
ಮಂಜು ಒರೆಸಿದೆ.
ಅಕ್ಷರ ಹಾಗೇ ಇದೆ, ಆಗಿನ ನನ್ನ ಕೈ, ಸ್ವಲ್ಪ ಗುಂಡಗೆ.
ಪಕ್ಕದಲ್ಲಿ ಎರಡಕ್ಷರಕ್ಕೆ ಸಾಲುವಷ್ಟು ಜಾಗ.
ಹೆಸರು ಬರೆಯುವಂತಿಲ್ಲ, ನಿಯಮ ನನಗೆ ಗೊತ್ತು.
ಪೆನ್ಸಿಲ್ ಚೂಪು ಮಾಡಲು ಕೂತೆ.