ತೂಕದ ಮನೆಯಲ್ಲಿ ಊಟದ ಹೊತ್ತು

ಡಬ್ಬಿಯ ಮೇಲಿನ ಚಿತ್ರದಲ್ಲಿ ಹಬೆಯಾಡುತ್ತದೆ,
ಒಳಗಿರುವುದು ಕಲ್ಲು.
ಮುಳ್ಳುಚಮಚದಿಂದ ಪ್ಲಾಸ್ಟಿಕ್ ಹಾಳೆಗೆ ನಾಲ್ಕು ತೂತು,
ನಾಲ್ಕೂವರೆ ನಿಮಿಷ.
ಹೊರಗೆ ಮೈನಸ್ ಮೂವತ್ತನಾಲ್ಕು.
ಸಸ್ಕ್ಯಾಚೆವಾನ್ ಇಡೀ ಒಂದು ಫ್ರೀಜರ್,
ನಿನ್ನ ಡಬ್ಬಿಗೆ ಇನ್ನೊಂದು ಯಾಕೆ ಒರಿಸ್ಯಾ,
ಎಂದು ಡೆಲ್ಬರ್ಟ್ ದಿನವೂ ಕೇಳುತ್ತಾನೆ.
ದಿನವೂ ನಗುತ್ತೇನೆ. ನಗದಿದ್ದರೆ ಬಿಡಿಸಿ ಹೇಳುತ್ತಾನೆ.

ನನ್ನ ಕೆಲಸ ಗೋಧಿ ನೋಡುವುದು.
ಲಾರಿ ತೂಕದ ಹಲಗೆ ಏರುತ್ತದೆ,
ಉದ್ದನೆಯ ಕೊಳವೆ ಕಾಳಿನೊಳಗೆ ಮೂಗು ತೂರಿಸುತ್ತದೆ,
ಮೂಗುಬಾಯಿಗೆ ಮುಸುಕು ಕಟ್ಟಿ
ತೇವ ಎಷ್ಟು, ಮೊಳಕೆ ಒಡೆದದ್ದೆಷ್ಟು,
ಅಂಟು ಕೊಡುವ ಸತ್ವ ಎಷ್ಟು, ಬರೆಯುತ್ತೇನೆ.
ಅಂಟು ಹೆಚ್ಚಿದ್ದರೆ ಬೆಲೆ ಹೆಚ್ಚು.
ಅದೇ ಅಂಟು ನನ್ನ ಕರುಳನ್ನು
ಹನ್ನೊಂದು ವರ್ಷ ಸದ್ದಿಲ್ಲದೆ ಕೆರೆದದ್ದು;
ಹೆಸರು ಹಿಡಿದು ಹೇಳಿದ್ದು ಕಳೆದ ಸೆಪ್ಟೆಂಬರಿನಲ್ಲಿ,
ರೆಜೈನಾದ ಡಾಕ್ಟರು.
ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುತ್ತಾರಲ್ಲ,
ನನಗೆ ಹಲ್ಲೂ ಇದೆ
ಬೆನ್ನ ಹಿಂದೆ ಎರಡು ಸಾವಿರ ಟನ್ ಕಾಳೂ ಇದೆ.

ಹಾಗಾಗಿ ಈ ಡಬ್ಬಿಗಳು. ಒಂಬತ್ತು ಡಾಲರಿಗೊಂದು.
ಮೆಕ್ಕೆಜೋಳದ ಪಿಜ್ಜಾ, ಬಾಗಿಲಿಗೆ ಒತ್ತು ಕೊಡಬಹುದಿತ್ತು.
ಅಕ್ಕಿ ಶಾವಿಗೆ ಪರವಾಗಿಲ್ಲ, ಮೊದಲ ಮೂರು ತುತ್ತು.
ಲಸಾನ್ಯ ಅಂಚಿನಲ್ಲಿ ಕೊತಕೊತ ಕುದಿಯುತ್ತ
ನಡುವೆ ಜನವರಿಯನ್ನು ಬಚ್ಚಿಟ್ಟುಕೊಂಡಿತ್ತು.
ಇವತ್ತು ಪಿರೋಹಿ.
ಅಜ್ಜಿ ಹಿಟ್ಟು ನಾದುವಾಗ
ನನ್ನ ಕಿವಿಯ ಹಾಲೆ ಹಿಚುಕಿ ನೋಡುತ್ತಿದ್ದಳು,
ಇಷ್ಟು ಮೆದುವಾದರೆ ಸಾಕು.
ಈ ಡಬ್ಬಿಯವು ಯಾರ ಕಿವಿಯನ್ನೂ ಕೇಳಿ ಬಂದವಲ್ಲ.
ಚಮಚ ತಾಗಿದ್ದೇ ತಡ ಹೊಲಿಗೆ ಬಿಚ್ಚಿ
ಆಲೂಗಡ್ಡೆ ಬೀದಿಗೆ ಬೀಳುತ್ತದೆ.

ಅಷ್ಟರಲ್ಲಿ ಹಾರ್ನ್. ಹಾಲ್ವರ್ಸನ್ನರ ಲಾರಿ.
ಕಿಟಕಿಯಲ್ಲಿ ಎಂಟು ವರ್ಷದ ಟೋರ್ಬೆನ್
ಬಾಯಿ ಅಗಲಿಸಿ ತೋರಿಸುತ್ತಾನೆ:
ಕಾಳು ಅಗಿದು ಅಗಿದು
ಹಿಟ್ಟೆಲ್ಲ ನುಂಗಿದ ಮೇಲೆ ಉಳಿಯುವ ಬೂದು ಗೋಂದು.
ಅಪ್ಪನ ಲಾರಿಯ ಇಂಥದೇ ಸೀಟಿನಲ್ಲಿ
ನಾನೂ ಇಡೀ ಆಗಸ್ಟ್ ಅಗಿದವಳು,
ಕಿವಿಯ ಕೆಳಗೆ ದವಡೆ ನೋಯುವಷ್ಟು.
ತಗೋ, ಎಂದು ಕೈಗವಸು ಬಿಚ್ಚಿ
ಹಿಡಿ ಕಾಳು ಚಾಚಿದ. ಬೆಚ್ಚಗಿದ್ದವು.
ತಟ್ಟೆಗೆ ಹಾಕಿಕೊಂಡೆ,
ಇದನ್ನೂ ಪರೀಕ್ಷೆಗೆ ಸೇರಿಸುತ್ತೇನೆ ಎಂದೆ.
ಹದಿನಾಲ್ಕು ಪಾಯಿಂಟ್ ಎರಡು. ಮೊದಲ ದರ್ಜೆ.
ಹುಡುಗ ಎದೆಯುಬ್ಬಿಸಿ ಕೂತ,
ತಾನೇ ಬೆಳೆದವನ ಹಾಗೆ.

ಮೊಣಕೈವರೆಗೆ ತೊಳೆದುಕೊಂಡು ಬಂದರೆ
ಮೈಕ್ರೋವೇವ್ ಮೇಲೆ ಒದ್ದೆ ಬಟ್ಟೆ.
ನನ್ನ ಊಟಕ್ಕೆ ಇನ್ನೊಂದು ತಟ್ಟೆ ಕವುಚಿಟ್ಟಿದೆ,
ಧೂಳು ಬೀಳದ ಹಾಗೆ.
ಡೆಲ್ಬರ್ಟ್ ಹೊರಗೆ, ಎಂಜಿನ್ ಆರಿಸಿದ ತನ್ನ ಗಾಡಿಯಲ್ಲಿ,
ಸ್ಯಾಂಡ್‌ವಿಚ್ಚನ್ನು ಕದ್ದ ಮಾಲಿನಂತೆ ತಿನ್ನುತ್ತಿದ್ದಾನೆ.
ಎಷ್ಟು ದಿನದಿಂದಲೋ.

ಪಿರೋಹಿ ತಣ್ಣಗಾಗಿವೆ.
ಇನ್ನೊಂದು ನಿಮಿಷ ಒತ್ತಿ
ಕಿಟಕಿ ಬಡಿಯುತ್ತೇನೆ:
ಒಳಗೆ ಬಾರೋ ಮಾರಾಯ,
ಆ ಮೂಲೆಯ ಮೇಜಿದೆಯಲ್ಲ.
ಉಪ್ಪು ಎಲ್ಲಿಟ್ಟಿದ್ದೀಯ?